ಮೋಟರ್ ದೊಡ್ಡದಾದರೆ ನೀರು ಜಾಸ್ತಿ ಬರುತ್ತಾ?

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆ, ಮಾನ್ವಿ ತಾಲ್ಲೂಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗ. ಹದಿನೆಂಟು ಹಳ್ಳಿಗೆ ಸೇರಿ ಒಂದು ಬಹುಗ್ರಾಮ ಕುಡಿಯುವ ನೀರಿನ ಯೋಜನೆ ಇದೆ. ಕಾಲುವೆ ನೀರನ್ನು ಕೆರೆಗೆ ತುಂಬಿಸಿ, ಶುದ್ಧ ಮಾಡಿ, 14 ಕಿ.ಮೀ. ದೂರದ ಎತ್ತರದ ಟ್ಯಾಂಕಿಗೆ ಪಂಪ್ ಮಾಡುತ್ತಾರೆ. ಘಟಕ ದಿನಕ್ಕೆ 20 ಲಕ್ಷ ಲೀಟರಿನದು, 16 ಗಂಟೆ ಪಂಪಿಂಗ್ ಲೆಕ್ಕದಲ್ಲಿ ಕಟ್ಟಿದ್ದು. 60 ಎಚ್‌ಪಿ ಮೋಟರ್, 250 ಮಿ.ಮೀ. ಪೈಪ್. ಎಲ್ಲಕ್ಕೂ ಹದಿನೈದು ವರ್ಷ ಆಗಿದೆ. ಈಗ ಜನಸಂಖ್ಯೆ ಸುಮಾರು 40 ಸಾವಿರ. ನಾಲ್ಕು ದಿನಕ್ಕೊಮ್ಮೆ ನೀರು ಬರುತ್ತದೆ. ಮಳೆಗಾಲದಲ್ಲಿ ಕೆಂಪಗೆ, ಚಳಿಗಾಲದಲ್ಲಿ ಹಸಿರು ವಾಸನೆ. ಕುಡಿಯೋಕೆ ಎಲ್ಲರೂ ಆರ್‌ಒ ಘಟಕದಿಂದ ಕ್ಯಾನ್ ತರುತ್ತಾರೆ. 100 ಎಚ್‌ಪಿ ಮೋಟರ್ ಹಾಕಿ ಯೋಜನೆಯನ್ನು ಮೇಲ್ದರ್ಜೆಗೆ ಏರಿಸುವ ಮಾತು ನಡೆದಿದೆ. ಅದು ಸಾಕಾ? ಇಲ್ಲ ಹೊಸ ಘಟಕವನ್ನೇ ಕೇಳಬೇಕಾ? ಮುಂದಿನ ಸಭೆಯಲ್ಲಿ ನಾನು ಪಂಚಾಯ್ತಿ ಸದಸ್ಯನಾಗಿ ಮಾತಾಡಬೇಕು.

ಉತ್ತರ: ಅಂಕಿಗಳನ್ನು ಬರೆದು ಕಳಿಸಿದ್ದು ಒಳ್ಳೆಯದಾಯಿತು. ಅರ್ಧ ಉತ್ತರ ಅವುಗಳಲ್ಲೇ ಇದೆ.

ಘಟಕ ಚಿಕ್ಕದು ಎಂದು ಎಲ್ಲರೂ ಹೇಳುತ್ತಿರಬಹುದು. ಆದರೆ 20 ಲಕ್ಷ ಲೀಟರನ್ನು 40 ಸಾವಿರ ಜನಕ್ಕೆ ಹಂಚಿ ನೋಡಿ. ತಲೆಗೆ 50 ಲೀಟರ್. ದಾರಿಯಲ್ಲಿ ಸೋರಿದ್ದು ಕಳೆದರೂ 40 ಲೀಟರಿಗೆ ಮೋಸವಿಲ್ಲ. ಹಳೆಯ ಗ್ರಾಮೀಣ ಯೋಜನೆಗಳು ತಲೆಗೆ 40 ಲೀಟರ್ ಲೆಕ್ಕದಲ್ಲೇ ಬಂದವು. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಅದನ್ನು 55 ಲೀಟರ್ ಮಾಡಿತು. ಆ ಲೆಕ್ಕ ಹಿಡಿದರೆ ನಿಮಗೆ 22 ಲಕ್ಷ ಲೀಟರ್ ಬೇಕು. ನೂರಕ್ಕೆ ಹದಿನೈದು ಸೋರಿಕೆ ಸೇರಿಸಿದರೆ 26 ಲಕ್ಷ. ಅಂದರೆ ಕೊರತೆ 6 ಲಕ್ಷದ್ದು. ಇಷ್ಟು ಕೊರತೆಗೆ ದಿನಕ್ಕೊಮ್ಮೆ ಬರುವ ನೀರು ಸ್ವಲ್ಪ ಕಡಿಮೆ ಬರಬೇಕೇ ಹೊರತು ನಾಲ್ಕು ದಿನಕ್ಕೊಮ್ಮೆ ಆಗಬಾರದು, ಅಲ್ವಾ? ಹಾಗಾದರೆ ನಿಮ್ಮ ಘಟಕ 20 ಲಕ್ಷ ಕೊಡುತ್ತಲೇ ಇಲ್ಲ. ಮೊದಲು ಪತ್ತೆ ಮಾಡಬೇಕಾದ್ದು ಇದನ್ನು.

ಮೋಟರ್ ಎಷ್ಟು ಗಂಟೆ ಓಡುತ್ತದೆ ಎಂದು ಲಾಗ್‌ಬುಕ್ ತೆಗೆಸಿ ನೋಡಿ. 20 ಲಕ್ಷವನ್ನು 16 ಗಂಟೆಗೆ ಭಾಗಿಸಿದರೆ ಗಂಟೆಗೆ 1 ಲಕ್ಷ 25 ಸಾವಿರ ಲೀಟರ್. ಕರೆಂಟ್ 9 ಗಂಟೆ ಮಾತ್ರ ಸಿಕ್ಕರೆ 11 ಲಕ್ಷ ಲೀಟರ್ ಅಷ್ಟೇ. ಹಳ್ಳಿ ಫೀಡರ್‌ನಿಂದ ಲೈನ್ ಎಳೆದ ಪಂಪ್‌ಹೌಸ್‌ಗಳಲ್ಲಿ ಇದೇ ಕಥೆ. ತ್ರೀಫೇಸ್ ಇದ್ದಾಗಲೂ ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಚಾಲೂ ಆಗಿ, 415 ವೋಲ್ಟ್ ಇರಬೇಕಾದ ಕಡೆ ಮೀಟರ್ ಮುಳ್ಳು 350ರ ಹತ್ತಿರ ಕೂತಿರುತ್ತದೆ. ಮೋಟರ್ ಸುಡದಂತೆ ಕಾಯುವ ರಿಲೇ ಟ್ರಿಪ್ ಆಗುತ್ತದೆ. ಆಪರೇಟರ್ ಮತ್ತೆ ಒತ್ತುತ್ತಾನೆ, ಮತ್ತೆ ಟ್ರಿಪ್. 60ರ ಜಾಗದಲ್ಲಿ 100 ಎಚ್‌ಪಿ ಕೂರಿಸಿದರೆ ಈ ಕಷ್ಟ ಕಡಿಮೆ ಆಗುವುದಿಲ್ಲ, ಹೆಚ್ಚುತ್ತದೆ.

ಈಗ ಇದೇ ಮೋಟರನ್ನು, ಇದೇ ಪೈಪಿನಲ್ಲಿ, 22 ಗಂಟೆ ಓಡಿಸಿದರೆ? 27 ಲಕ್ಷ ಲೀಟರ್ ದಾಟುತ್ತದೆ. ನಿಮಗೆ ಬೇಕಾದ್ದು 26 ಲಕ್ಷ. ಶುದ್ಧೀಕರಣ ಘಟಕಕ್ಕೂ ಭಾರ ಬೀಳುವುದಿಲ್ಲ, ಯಾಕೆಂದರೆ ಗಂಟೆಯ ಲೆಕ್ಕ ಅದೇ ಇರುತ್ತದೆ. ಬೇಕಾಗುವುದು ಸಬ್‌ಸ್ಟೇಷನ್‌ನಿಂದ ನೇರವಾಗಿ ಬರುವ ಎಕ್ಸ್‌ಪ್ರೆಸ್ ಫೀಡರ್, ಸ್ಟ್ಯಾಂಡ್‌ಬೈ ಆಗಿ ಕೆಲಸ ಮಾಡುವ ಇನ್ನೊಂದು ಪಂಪ್‌ಸೆಟ್, ಮತ್ತೆ ಮೂರು ಪಾಳಿಗೆ ಜನ. ಸ್ಟ್ಯಾಂಡ್‌ಬೈ ಅಂದರೆ ಬೇರಿಂಗ್ ಬಿಚ್ಚಿ ಮೂಲೆಯಲ್ಲಿ ಮಲಗಿಸಿದ್ದಲ್ಲ. ವಾರಕ್ಕೊಮ್ಮೆ ಸರದಿ ಮೇಲೆ ಓಡುವಂಥದ್ದು. ಸಭೆಯಲ್ಲಿ ಮೊದಲು ಫೀಡರ್ ಕೇಳಿ. ವಿದ್ಯುತ್ ಕಂಪನಿ ಜೆಸ್ಕಾಂನ ಅಂದಾಜು ಪಟ್ಟಿ ಯೋಜನೆಯ ಎಸ್ಟಿಮೇಟ್ ಒಳಗೇ ಇರಲಿ. ಅದು ಬೇರೆ ಕಡತವಾಗಿ ಹೊರಟರೆ ಕಟ್ಟಡ ಮುಗಿದು ಬಣ್ಣ ಮಾಸಿದ ಮೇಲೆ ಕಂಬ ಬರುತ್ತದೆ.

100 ಎಚ್‌ಪಿ ಬಗ್ಗೆ ನನಗೆ ಯಾಕೆ ಅನುಮಾನ ಎಂದು ಹೇಳುತ್ತೇನೆ. ಪಂಪ್ ಎರಡು ಕೆಲಸ ಮಾಡುತ್ತದೆ. ಒಂದು, ನೀರನ್ನು ಎತ್ತರಕ್ಕೆ ಏರಿಸುವುದು. ಇನ್ನೊಂದು, ಪೈಪಿನ ಉದ್ದಕ್ಕೂ ಆಗುವ ತಿಕ್ಕಾಟವನ್ನು ಗೆಲ್ಲುವುದು. ನಿಮ್ಮ ಟ್ಯಾಂಕ್ 35 ಮೀಟರ್ ಎತ್ತರದಲ್ಲಿದೆ ಎಂದು ಇಟ್ಟುಕೊಳ್ಳಿ. 14 ಕಿ.ಮೀ. 250 ಮಿ.ಮೀ. ಪೈಪಿನಲ್ಲಿ ಈಗಿನ ಹರಿವಿಗೆ ತಿಕ್ಕಾಟ ಇನ್ನೊಂದು 36 ಮೀಟರ್ ಆಗುತ್ತದೆ. ಬೆಂಡು, ವಾಲ್ವು ಎಲ್ಲ ಸೇರಿ 75 ಮೀಟರ್ ಹೆಡ್. ಹೆಡ್ ಅಂದರೆ ಪಂಪ್ ಗೆಲ್ಲಬೇಕಾದ ಒಟ್ಟು ಎತ್ತರ. ಇದಕ್ಕೆ 50 ಎಚ್‌ಪಿ ಸಾಕು. 60 ಹಾಕಿದ್ದು ಸರಿಯಾಗೇ ಇದೆ.

ಅದೇ ಪೈಪಿನಲ್ಲಿ ಒಂದೂವರೆ ಪಟ್ಟು ನೀರು ತಳ್ಳಲು ಹೋದರೆ ತಿಕ್ಕಾಟ ಒಂದೂವರೆ ಪಟ್ಟಾಗುವುದಿಲ್ಲ, ಎರಡು ಪಟ್ಟು ದಾಟುತ್ತದೆ. 36 ಇದ್ದದ್ದು 76 ಆಗುತ್ತದೆ. ಒಟ್ಟು ಹೆಡ್ 113 ಮೀಟರ್ ಹತ್ತಿರ. ಮೋಟರ್ 110 ಎಚ್‌ಪಿ ಬೇಕು. ನೀರು ಒಂದೂವರೆ ಪಟ್ಟು, ಕರೆಂಟ್ ಎರಡು ಪಟ್ಟಿಗಿಂತ ಜಾಸ್ತಿ. ಇನ್ನೊಂದು ಮಾತು. ಆಗ ಹಾಕಿದ್ದು 10 ಕೆ.ಜಿ. ಒತ್ತಡದ ಪೈಪ್ ಆಗಿದ್ದರೆ ಅದು ತಾಳುವುದು 100 ಮೀಟರ್ ಹೆಡ್. ಹೊಸ ಮೋಟರ್ ಚಾಲೂ ಮಾಡಿದ ದಿನವೇ ಯಾರದೋ ಹೊಲದಲ್ಲಿ ಕಾರಂಜಿ ಏಳುತ್ತದೆ.

ಮೋಟರ್ ಬದಲು ಪೈಪನ್ನೇ 300 ಮಿ.ಮೀ. ಮಾಡಿದರೆ ಏನಾಗುತ್ತದೆ ನೋಡಿ. ಒಂದೂವರೆ ಪಟ್ಟು ನೀರು ಹರಿದರೂ ತಿಕ್ಕಾಟ 31 ಮೀಟರಿಗೇ ನಿಲ್ಲುತ್ತದೆ. ಇವತ್ತಿನದಕ್ಕಿಂತ ಕಡಿಮೆ! ಸುಮಾರು 66 ಎಚ್‌ಪಿಯಲ್ಲಿ ಕೆಲಸ ಮುಗಿಯುತ್ತದೆ. ಎರಡು ಇಂಚು ಅಗಲ ಮಾಡಿದ್ದಕ್ಕೆ ಇಷ್ಟು ವ್ಯತ್ಯಾಸ. 14 ಕಿ.ಮೀ. ಪೈಪ್ ಅಗ್ಗವಲ್ಲ, ನಿಜ. ಆದರೆ ಕುಡಿಯುವ ನೀರಿನ ಯೋಜನೆಗಳಲ್ಲಿ ಪಂಪಿಗೆ 15 ವರ್ಷ, ಪೈಪಿಗೆ 30 ವರ್ಷ ಆಯುಸ್ಸು ಎಂದು ಲೆಕ್ಕ ಹಾಕುತ್ತಾರೆ. ನಿಮ್ಮ ಪಂಪಿನ ಕಾಲ ಹೇಗೂ ಮುಗಿದಿದೆ, ಹೊಸದು ಹಾಕಲಿ. ಅದು ಪೈಪಿಗೆ ಹೊಂದುವ ಪಂಪ್ ಆಗಿರಲಿ. ಮುಂದೆ ಜನಸಂಖ್ಯೆ 50 ಸಾವಿರ ಆದಾಗ 32 ಲಕ್ಷ ಲೀಟರ್ ಬೇಕಾಗುತ್ತದೆ, ಆಗ 22 ಗಂಟೆಯೂ ಸಾಲದು. ಪೈಪಿನ ಮಾತನ್ನು ಇವತ್ತೇ ಡಿಪಿಆರ್‌ನಲ್ಲಿ (ಯೋಜನೆಯ ವಿವರ ವರದಿಯಲ್ಲಿ) ಬರೆಸಿ ಇಡುವುದು ಒಳ್ಳೆಯದು.

ಈಗಿನ ಪಂಪ್ ನಿಜವಾಗಿ ಎಷ್ಟು ನೀರು ಎತ್ತುತ್ತಿದೆ ಎಂದು ತಿಳಿಯಲು ದೊಡ್ಡ ಯಂತ್ರ ಬೇಡ. ಶುದ್ಧ ನೀರಿನ ಸಂಪ್ ತುಂಬಿಸಿ, ಒಳಬರುವ ವಾಲ್ವ್ ಬಂದ್ ಮಾಡಿಸಿ. ಒಂದು ಉದ್ದ ಕೋಲಿಗೆ ಗುರುತು ಹಾಕಿ ಇಳಿಬಿಡಿ. ಪಂಪ್ ಅರ್ಧ ಗಂಟೆ ಓಡಲಿ. ಸಂಪ್ 8 ಮೀಟರ್ ಉದ್ದ, 6 ಮೀಟರ್ ಅಗಲ ಇದ್ದು ನೀರು 130 ಸೆಂ.ಮೀ. ಇಳಿದರೆ ಗಂಟೆಗೆ 1 ಲಕ್ಷ 25 ಸಾವಿರ ಲೀಟರ್ ಸರಿಯಾಗಿ ಹೋಗುತ್ತಿದೆ. 90 ಸೆಂ.ಮೀ. ಮಾತ್ರ ಇಳಿದರೆ 86 ಸಾವಿರ ಅಷ್ಟೇ. ಆಗ ಪಂಪಿನ ಪಕ್ಕದ ಪ್ರೆಷರ್ ಗೇಜ್ ನೋಡಿ. ಅದು 7.5 ಕೆ.ಜಿ. ಆಸುಪಾಸು ತೋರಿಸಬೇಕು. ಹರಿವೂ ಕಡಿಮೆ, ಒತ್ತಡವೂ ಕಡಿಮೆ ಇದ್ದರೆ ಪಂಪಿನೊಳಗೆ ತಿರುಗುವ ಇಂಪೆಲ್ಲರ್ ಚಕ್ರ, ಅದರ ವೇರ್ ರಿಂಗ್ ಸವೆದಿವೆ. ಹರಿವು ಕಡಿಮೆ, ಒತ್ತಡ ಜಾಸ್ತಿ ಇದ್ದರೆ ಪೈಪಿನಲ್ಲಿ ಗಾಳಿ ಸಿಕ್ಕಿದೆ, ಇಲ್ಲವೇ ಯಾವುದೋ ವಾಲ್ವ್ ಅರ್ಧ ಮುಚ್ಚಿದೆ. ಹರಿವು ಚೆನ್ನಾಗಿದ್ದು ಒತ್ತಡ ಮಾತ್ರ ಬಿದ್ದಿದ್ದರೆ ನೀರು ದಾರಿಯಲ್ಲೇ ಎಲ್ಲೋ ಹೋಗುತ್ತಿದೆ. ಏರುಪೈಪಿಗೇ ಕದ್ದು ಟ್ಯಾಪ್ ಹೊಡೆದು ತೋಟಕ್ಕೆ ಬಿಟ್ಟುಕೊಂಡವರು ನಮ್ಮ ಕಡೆ ಕಮ್ಮಿ ಇಲ್ಲ. ಗೇಜ್ ಕೆಟ್ಟಿದ್ದರೆ ಹೊಸದು ಹಾಕಿಸಿ. ಇಡೀ ಯೋಜನೆಯಲ್ಲಿ ಅದಕ್ಕಿಂತ ಅಗ್ಗದ ಸಾಮಾನು ಇನ್ನೊಂದಿಲ್ಲ, ಆದರೂ ಹೆಚ್ಚು ಕಡೆ ಅದೇ ಇರುವುದಿಲ್ಲ.

ಪೈಪ್ ಪದೇ ಪದೇ ಒಡೆಯುತ್ತಿದ್ದರೆ ಅದಕ್ಕೂ ಕರೆಂಟಿಗೂ ನಂಟಿದೆ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹೋಗುವ ನೀರು ಗಕ್ಕನೆ ನಿಂತರೆ ಕಬ್ಬಿಣದ ಪೈಪಿನಲ್ಲಿ ಸುಮಾರು 100 ಮೀಟರ್ ಹೆಡ್‌ನಷ್ಟು ಏಟು ಬೀಳುತ್ತದೆ. ಕರೆಂಟ್ ಹೋದಾಗಲೆಲ್ಲ ಈ ಏಟು. ಗಾಳಿ ಹೊರಬಿಡುವ ಏರ್ ವಾಲ್ವ್, ನೀರು ಹಿಂದಕ್ಕೆ ಬರದಂತೆ ತಡೆಯುವ ಎನ್‌ಆರ್‌ವಿ ಕೆಲಸ ಮಾಡುತ್ತಿವೆಯಾ ಎಂದು ಲೈನ್ ಮೇಲೆ ನಡೆದುಕೊಂಡು ಹೋಗಿ ನೋಡಬೇಕು. ಏರ್ ವಾಲ್ವ್ ಚೇಂಬರಿನಲ್ಲಿ ಬಟ್ಟೆ ಒಗೆಯುತ್ತಿದ್ದರೆ ಅದು ಸೋರುತ್ತಿದೆ ಎಂದೇ ಅರ್ಥ.

ಇನ್ನು ಕೆರೆ. ನನ್ನ ಪ್ರಕಾರ ಕಾಲುವೆಯ ಕೊನೆಭಾಗದ ಊರುಗಳಿಗೆ ಇದೇ ಎಲ್ಲಕ್ಕಿಂತ ದೊಡ್ಡ ವಿಷಯ. ಬೇಸಿಗೆಯಲ್ಲಿ ಕೆರೆ ಖಾಲಿ ಆದರೆ ಎಂಥ ಮೋಟರ್ ಇಟ್ಟರೂ ಗಾಳಿ ಎಳೆಯಬೇಕಷ್ಟೆ. ಬೆಳೆಗೆ ನೀರು ನಿಲ್ಲಿಸಿದ ಮೇಲೆ ಏಪ್ರಿಲ್‌ನಿಂದ ಜುಲೈವರೆಗೆ ಕಾಲುವೆ ಒಣಗಿರುತ್ತದೆ. ಕಾಲುವೆಯ 69ನೇ ಮೈಲಿನಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟು, 104ರಲ್ಲಿ ಎಷ್ಟು ಎಂದು ಕೇಳುತ್ತಾ ಕೂರುವ ಕಷ್ಟ ನಿಮಗೆ ನಾನು ಹೇಳಬೇಕಿಲ್ಲ. ಜಲಾಶಯದ ಸ್ಥಿತಿಯೂ ಹಾಗೇ ಇದೆ. ಶುರುವಿನಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಅಣೆಕಟ್ಟು ಹೂಳು ತುಂಬಿ ಈಗ 105 ಟಿಎಂಸಿ ಆಸುಪಾಸಿಗೆ ಬಂದಿದೆ. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋಯಿತು. ಮುಂದಿನ ವರ್ಷ ಸುರಕ್ಷತೆಗಾಗಿ 80 ಟಿಎಂಸಿಗೇ ಸಂಗ್ರಹ ಮಿತಿಗೊಳಿಸಿದರು. ಒಂದು ಗೇಟ್ ಹೋದದ್ದಕ್ಕೆ ನಿಮ್ಮೂರಿನ ನಲ್ಲಿವರೆಗೂ ಬಿಸಿ ತಟ್ಟುತ್ತದೆ.

ನೂರು ದಿನ ಕಾಲುವೆ ಬಂದ್ ಎಂದು ಹಿಡಿಯೋಣ. ಫಿಲ್ಟರ್ ತೊಳೆಯುವ ನೀರೂ ಸೇರಿ ದಿನಕ್ಕೆ 27 ಲಕ್ಷ ಲೀಟರ್ ಬೇಕು. ನೂರು ದಿನಕ್ಕೆ 2 ಲಕ್ಷ 70 ಸಾವಿರ ಘನ ಮೀಟರ್. ಕೆರೆ 4 ಮೀಟರ್ ಆಳ ಇದ್ದರೆ 17 ಎಕರೆ ಸಾಕು ಎನಿಸುತ್ತದೆ. ಸಾಲುವುದಿಲ್ಲ. ರಾಯಚೂರಿನ ಬಿಸಿಲಿಗೆ ದಿನಕ್ಕೆ 7 ಮಿ.ಮೀ. ನೀರು ಆವಿಯಾದರೆ ನೂರು ದಿನಕ್ಕೆ 70 ಸೆಂ.ಮೀ. ಹೋಯಿತು. ತಳದ ಅರ್ಧ ಮೀಟರ್ ಕೆಸರು ನೀರು, ಅದನ್ನು ಎಳೆಯಬಾರದು. ಉಳಿದದ್ದು 2.8 ಮೀಟರ್. ಹಾಗಾಗಿ 24 ಎಕರೆ ಬೇಕು. ಇಂಗುವುದು ಬೇರೆ. ನಿಮ್ಮ ಕೆರೆ ಎಷ್ಟು ಎಕರೆ, ಈಗ ಎಷ್ಟು ಆಳ ಎಂದು ಕೇಳಿ. ಕಾಗದದ ಆಳ ಬೇಡ. ಹದಿನೈದು ವರ್ಷದಿಂದ ಕಾಲುವೆಯ ಕೆಂಪು ನೀರು ಕುಡಿದ ಕೆರೆಯಲ್ಲಿ ಹೂಳು ಇಲ್ಲದೆ ಇರುತ್ತಾ? ಬೇಸಿಗೆ ಕೊನೆಯಲ್ಲಿ ಹೂಳು ತೆಗೆಸಿ, ಏರಿ ಗಟ್ಟಿ ಮಾಡಿಸಿ, ಕಾಲುವೆಯಿಂದ ಕೆರೆಗೆ ಬರುವ ತೂಬನ್ನು ದೊಡ್ಡದು ಮಾಡಿಸುವುದೂ ಮೇಲ್ದರ್ಜೆಗೆ ಏರಿಸುವ ಕೆಲಸವೇ. ತೂಬು ಯಾಕೆಂದರೆ, ಕೊನೆಭಾಗಕ್ಕೆ ನೀರು ಬರುವುದೇ ಕೆಲವು ದಿನ. ಬಂದಾಗ ಬೇಗ ತುಂಬಿಕೊಳ್ಳಬೇಕು.

ಕೆರೆ ಬತ್ತಿದಾಗ ಕೆಲವು ಕಡೆ ಬೋರ್ ನೀರನ್ನೇ ಓವರ್‌ಹೆಡ್ ಟ್ಯಾಂಕಿಗೆ ಬಿಡುತ್ತಾರೆ. ಇಲ್ಲಿ ಹುಷಾರು. ರಾಯಚೂರು, ಕೊಪ್ಪಳ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಾಗ 1.5ರವರೆಗೆ ಒಪ್ಪಬಹುದು. 3 ಮಿಲಿಗ್ರಾಂ ಇರುವ ಬೋರ್ ನೀರನ್ನು ಕಾಲುವೆ ನೀರಿಗೆ ಸಮಸಮ ಬೆರೆಸಿದರೂ 1.5ರ ಗಡಿಯಲ್ಲೇ ನಿಂತಿರುತ್ತದೆ. ಫಿಲ್ಟರ್ ಮರಳು ಫ್ಲೋರೈಡನ್ನು ಹಿಡಿಯುವುದಿಲ್ಲ. ಕಾಯಿಸಿದರೂ ಹೋಗುವುದಿಲ್ಲ.

ನೀರಿನ ಬಣ್ಣಕ್ಕೆ ಬರೋಣ. ಮಳೆಗಾಲದ ಕೆಂಪು, ಮಣ್ಣು. ಚಳಿಗಾಲದ ಹಸಿರು, ಪಾಚಿ. ತುಂಗಭದ್ರಾ ಜಲಾಶಯದ ನೀರೇ ಹಸಿರಾಗುವುದನ್ನು ನೀವು ನೋಡಿರುತ್ತೀರಿ. ಎರಡಕ್ಕೂ ಒಂದೇ ಅಳತೆ ಆಲಂ (ಕೊಳೆಯನ್ನು ತಳಕ್ಕೆ ಇಳಿಸುವ ಪಟಿಕ) ಹಾಕಿದರೆ ಒಂದು ಕಾಲದಲ್ಲಿ ಕಡಿಮೆ, ಇನ್ನೊಂದು ಕಾಲದಲ್ಲಿ ದಂಡ. ಎಷ್ಟು ಹಾಕಬೇಕು ಎಂದು ಜಾರ್ ಟೆಸ್ಟ್ ಹೇಳುತ್ತದೆ. ಆರು ಗಾಜಿನ ಜಾರಿನಲ್ಲಿ ಒಂದೊಂದು ಲೀಟರ್ ಕೆರೆ ನೀರು. ಒಂದಕ್ಕೆ 10 ಮಿಲಿಗ್ರಾಂ ಆಲಂ, ಮುಂದಿನದಕ್ಕೆ 20, ಹೀಗೆ 60ರವರೆಗೆ. ಒಂದು ನಿಮಿಷ ಜೋರಾಗಿ ಕಲಕಿ, ಆಮೇಲೆ ಹದಿನೈದು ಇಪ್ಪತ್ತು ನಿಮಿಷ ನಿಧಾನಕ್ಕೆ ತಿರುಗಿಸುತ್ತಾರೆ. ಮೊದಲ ಜಾರಿನಲ್ಲಿ ಏನೂ ಆಗುವುದಿಲ್ಲ, ನೀರು ಕದಡಿದಂತೆಯೇ ಇರುತ್ತದೆ. ಮೂರನೆಯದೋ ನಾಲ್ಕನೆಯದೋ ಜಾರಿನಲ್ಲಿ ರವೆಯಂಥ ಕಣಗಳು ಕಟ್ಟಿಕೊಂಡು, ಕಲಕುವುದು ನಿಲ್ಲಿಸಿದ ಕೂಡಲೇ ತಳಕ್ಕೆ ಇಳಿಯತೊಡಗುತ್ತವೆ. ಅರ್ಧ ಗಂಟೆ ಬಿಟ್ಟು ಮೇಲಿನ ನೀರಿನ ಹಿಂದೆ ಪೇಪರ್ ಹಿಡಿದರೆ ಅಕ್ಷರ ಓದಬಹುದು. ಅದೇ ಇವತ್ತಿನ ಡೋಸ್. ಮಳೆಗಾಲದಲ್ಲಿ ದಿನವೂ ಮಾಡಬೇಕು. ನಿಮ್ಮ ಘಟಕದ ಲ್ಯಾಬಿನಲ್ಲಿ ಈ ಯಂತ್ರ ಇದೆಯಾ, ಇದ್ದರೆ ಅದರ ಮೇಲೆ ದೂಳು ಎಷ್ಟಿದೆ ನೋಡಿ.

ಆಲಂ ಹಾಕಿದ ನೀರು ಕ್ಲಾರಿಫ್ಲಾಕ್ಯುಲೇಟರ್ ಎಂಬ ತಿಳಿಗೊಳಿಸುವ ತೊಟ್ಟಿಯಲ್ಲಿ ಎರಡು ಎರಡೂವರೆ ಗಂಟೆ ನಿಲ್ಲಬೇಕು. ತಳದ ಕೆಸರನ್ನು ಪಾಳಿಗೆ ಒಂದೆರಡು ಸಲವಾದರೂ ಹೊರಬಿಡಬೇಕು. ಬಿಡದಿದ್ದರೆ ಕೆಸರೇ ಜಾಗ ತಿಂದು ನೀರು ನಿಲ್ಲುವ ಹೊತ್ತು ಕಡಿಮೆ ಆಗುತ್ತದೆ. ಮುಂದೆ ಸಾಮರ್ಥ್ಯ ಹೆಚ್ಚಿಸಬೇಕು ಎಂದಾಗ ಹೊಸ ತೊಟ್ಟಿ ಕಟ್ಟದೆ ಇದರಲ್ಲೇ ಟ್ಯೂಬ್ ಸೆಟ್ಲರ್ ಕೂರಿಸಬಹುದು. ಓರೆಯಾಗಿ ನಿಲ್ಲಿಸಿದ ಪ್ಲಾಸ್ಟಿಕ್ ಕೊಳವೆಗಳ ಕಟ್ಟು ಅದು. ಅದೇ ಜಾಗದಲ್ಲಿ ಹೆಚ್ಚು ನೀರು ತಿಳಿಯಾಗುತ್ತದೆ.

ಫಿಲ್ಟರ್ ಬೆಡ್ ತೊಳೆಯುವ ಹೊತ್ತಿಗೆ ನೀವು ಒಂದು ಸಲ ಅಲ್ಲಿ ನಿಂತು ನೋಡಲೇಬೇಕು. ಮೊದಲು ಕೆಳಗಿನಿಂದ ಗಾಳಿ ಬಿಡುತ್ತಾರೆ. ಬೆಡ್ಡಿನ ತುಂಬ ಒಂದೇ ಸಮ ಗುಳ್ಳೆ ಏಳಬೇಕು. ಒಂದು ಮೂಲೆಯಲ್ಲಿ ಕೊತಕೊತ, ಇನ್ನೊಂದು ಮೂಲೆ ತಣ್ಣಗಿದ್ದರೆ ತಳದ ನಾಝಲ್ ಕಟ್ಟಿವೆ ಅಥವಾ ಮುರಿದಿವೆ. ಆಮೇಲೆ ನೀರು ಮೇಲಕ್ಕೆ ಉಕ್ಕಿ ಕೆಂಪು ಕೊಳೆಯನ್ನು ತೊಟ್ಟಿಗೆ ಚೆಲ್ಲುತ್ತದೆ. ಹೊರಹೋಗುವ ನೀರು ತಿಳಿಯಾಗುವವರೆಗೆ ತೊಳೆಯಬೇಕು. ನೀರು ಇಳಿದ ಮೇಲೆ ಮರಳಿನ ಮೇಲೆ ನಿಂಬೆಹಣ್ಣಿನ ಗಾತ್ರದ ಮಣ್ಣಿನ ಉಂಡೆ ಕಂಡರೆ, ಗೋಡೆ ಪಕ್ಕ ಮರಳು ಬಿರುಕು ಬಿಟ್ಟಿದ್ದರೆ, ಆ ಬೆಡ್ ಫಿಲ್ಟರ್ ಮಾಡುತ್ತಿಲ್ಲ, ಸುಮ್ನೆ ನೀರು ಸೋಸದೆ ಬಿಡುತ್ತಿದೆ. ಹದಿನೈದು ವರ್ಷದಲ್ಲಿ ಒಮ್ಮೆಯೂ ಮರಳು ಬದಲಿಸಿಲ್ಲ ಎಂದಾದರೆ ಮರಳು, ಜಲ್ಲಿ, ನಾಝಲ್ ಮೂರನ್ನೂ ಎಸ್ಟಿಮೇಟಿಗೆ ಸೇರಿಸಿ. ನದಿ ಮರಳು ತಂದು ಸುರಿಯುವುದಲ್ಲ. ಅರ್ಧ ಮಿ.ಮೀ. ಆಸುಪಾಸಿನ ಜರಡಿ ಹಿಡಿದ ಮರಳು ಬೇಕು. ನಿಮ್ಮ ಗಂಟೆಯ ಹರಿವಿಗೆ ಸುಮಾರು 25 ಚದರ ಮೀಟರ್ ಬೆಡ್ ಇದ್ದರೆ ಸಾಕು. ಅಷ್ಟಿದ್ದರೆ ಹೊಸ ಫಿಲ್ಟರ್ ಮನೆ ಕಟ್ಟುವುದು ದಂಡ. 100 ಎಚ್‌ಪಿ ಹಾಕಿ ಇದೇ ಬೆಡ್ ಮೇಲೆ ಒಂದೂವರೆ ಪಟ್ಟು ನೀರು ಓಡಿಸಿದರೆ ಕೆಂಪು ನೀರೇ ಊರಿಗೆ ಬೇಗ ತಲುಪುತ್ತದೆ.

ಕ್ಲೋರಿನ್ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. 2022ರ ಮೇ ಕೊನೆ, ಜೂನ್ ಹೊತ್ತಿಗೆ ರಾಯಚೂರು ನಗರದಲ್ಲಿ ಕೊಳಕು ನೀರು ಕುಡಿದು ಜನ ಸತ್ತರು. ನದಿ ಎರಡೂ ಕಡೆ ಹರಿಯುವ ಊರಿನಲ್ಲಿ ಹೀಗಾಯಿತು. 20 ಲಕ್ಷ ಲೀಟರಿಗೆ ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ 4 ಕೆ.ಜಿ. ಕ್ಲೋರಿನ್ ಬೇಕು. ಬ್ಲೀಚಿಂಗ್ ಪೌಡರ್‌ನಲ್ಲಿ ನೂರಕ್ಕೆ 25 ಭಾಗ ಕ್ಲೋರಿನ್ ಇದ್ದರೆ 16 ಕೆ.ಜಿ. ಪೌಡರ್. ಆದರೆ ತಗಡಿನ ಶೆಡ್ಡಿನಲ್ಲಿ ಬಾಯಿ ತೆರೆದ ಚೀಲ ಏಪ್ರಿಲ್, ಮೇ ಕಳೆದರೆ ಅದರ ಶಕ್ತಿ ಇಳಿದಿರುತ್ತದೆ. 16 ಕೆ.ಜಿ. ಹಾಕಿದ್ದು ಲೆಕ್ಕಕ್ಕಷ್ಟೇ. ಘಟಕದಲ್ಲಿ ಎಷ್ಟು ಹಾಕಿದರು ಎನ್ನುವುದಕ್ಕಿಂತ ಕೊನೆಯ ಹಳ್ಳಿಯ ಕೊನೆಯ ನಲ್ಲಿಯಲ್ಲಿ ಎಷ್ಟು ಉಳಿದಿದೆ ಎನ್ನುವುದು ಮುಖ್ಯ. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಇರಲೇಬೇಕು. ನೀರುಗಂಟಿಗಳ ಕೈಗೆ ಕ್ಲೋರಿನ್ ಅಳೆಯುವ ಕಿಟ್ ಕೊಟ್ಟರೆ ಎರಡು ನಿಮಿಷದ ಕೆಲಸ. ನಾಲ್ಕು ದಿನ ಖಾಲಿ ಇರುವ ಪೈಪ್, ಪಕ್ಕದ ಚರಂಡಿ ನೀರನ್ನು ಸೋರುವ ಜಾಗದಿಂದ ಒಳಗೆ ಎಳೆದುಕೊಳ್ಳುತ್ತದೆ. ದಿನಾ ನೀರು ಬಿಡಬೇಕು ಎನ್ನುವುದು ಇದಕ್ಕೂ ಸೇರಿ.

ಆರ್‌ಒ ಕ್ಯಾನ್ ವಿಷಯದಲ್ಲಿ ಜನರನ್ನು ಬೈಯಬೇಡಿ. ನಲ್ಲಿ ನೀರು ನೋಡಿದರೆ ಯಾರಾದರೂ ಅದನ್ನೇ ಮಾಡುತ್ತಾರೆ. ಆದರೆ ಕಾಲುವೆ ನೀರಿನಲ್ಲಿ ಉಪ್ಪಿನ ತೊಂದರೆ ಇಲ್ಲ, ಅದಕ್ಕೆ ಆರ್‌ಒ ಬೇಡ. ಹೊಸ ಆರ್‌ಒ ಘಟಕಗಳಿಗೆ ಇಡುವ ದುಡ್ಡನ್ನು ಫಿಲ್ಟರ್ ಮರಳಿಗೆ ತಿರುಗಿಸಿ ಎಂದು ನೀವು ಸಭೆಯಲ್ಲಿ ಕೇಳಬಹುದು.

ಹಳ್ಳಿಗಳ ಜಗಳ ಬೇರೆಯೇ ಪುರಾಣ. ಹತ್ತಿರದ ಊರಿನ ಟ್ಯಾಂಕ್ ತುಂಬಿ ಚೆಲ್ಲುತ್ತಿರುತ್ತದೆ, ದೂರದ ಊರಿಗೆ ಹನಿಯೂ ಬರುವುದಿಲ್ಲ. ಪ್ರತಿ ಊರಿನ ಟ್ಯಾಂಕಿನ ಬಾಯಲ್ಲಿ ಬಂದ ನೀರನ್ನು ಅಳೆಯುವ ಒಂದು ಬಲ್ಕ್ ಮೀಟರ್, ಹರಿವನ್ನು ಹತೋಟಿಯಲ್ಲಿಡುವ ಒಂದು ಫ್ಲೋ ಕಂಟ್ರೋಲ್ ವಾಲ್ವ್ ಇರಲಿ. ರೀಡಿಂಗನ್ನು ಪಂಚಾಯ್ತಿ ಬೋರ್ಡ್ ಮೇಲೆ ಬರೆಸಿ.

ಇನ್ನು ಸಭೆಯಲ್ಲಿ ಹಿಡಿದು ಕೇಳಬೇಕಾದ್ದು ಟೆಂಡರಿನ ಷರತ್ತು. ಕೆಲಸ ಮುಗಿದ ಮೇಲೆ ಐದು ವರ್ಷದ ನಿರ್ವಹಣೆಯೂ ಅದೇ ಗುತ್ತಿಗೆದಾರನ ಮೇಲಿರಲಿ. ಬಿಲ್ಲು ಕಟ್ಟಿದ ಗೋಡೆಗೆ ಮಾತ್ರವಲ್ಲ, ಕೊಟ್ಟ ನೀರಿಗೂ ಇರಲಿ. ಸಾವಿರ ಲೀಟರಿಗೆ ಎಷ್ಟು ಯೂನಿಟ್ ಕರೆಂಟ್ ಎಂದು ಒಪ್ಪಂದದಲ್ಲೇ ಬರೆಸಿ. ನಿಮ್ಮ 75 ಮೀಟರ್ ಹೆಡ್‌ಗೆ ಒಳ್ಳೆಯ ಪಂಪ್, ಮೋಟರ್ ಇದ್ದರೆ 20 ಲಕ್ಷ ಲೀಟರ್ ಎತ್ತಲು ದಿನಕ್ಕೆ 650 ಯೂನಿಟ್ ಸಾಕು. ಸವೆದ ಪಂಪ್ 900 ಯೂನಿಟ್ ತಿನ್ನುತ್ತದೆ. ಈಗಿನ ಜೆಸ್ಕಾಂ ಬಿಲ್ಲನ್ನೂ ಸಂಪಿನ ಕೋಲಿನ ಅಳತೆಯನ್ನೂ ಒಟ್ಟಿಗೆ ಸಭೆಗೆ ತಗೊಂಡು ಹೋಗಿ. ಹೊಸ ಪಂಪ್ ಕೂರಿಸಿದ ದಿನ ಅದೇ ಸಂಪಿನಲ್ಲಿ, ನಿಮ್ಮೆದುರಿಗೆ, ಮತ್ತೆ ಅಳೆದು ತೋರಿಸಬೇಕು ಎಂದು ನಡಾವಳಿಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ.